ಔಷಧಿ

ನಮ್ಮ ಕಡೆ ಅದನ್ನು ವಿಷ ಅನ್ನುವುದಿಲ್ಲ,
ಔಷಧಿ ಅನ್ನುತ್ತೇವೆ.
ಆಲೂಗೆಡ್ಡೆಗೆ ಔಷಧಿ ಹೊಡೆಯಬೇಕು,
ಶುಂಠಿಗೆ ಔಷಧಿ ಹೊಡೆಯಬೇಕು,
ಹೊಡೆದವನು ಲುಂಗಿಗೆ ಕೈ ಒರೆಸಿಕೊಂಡು ಬೀಡಿ ಹಚ್ಚಬೇಕು.

ದ್ಯಾವರಾಜನೂ ಹಾಗೇ ಹಚ್ಚಿದ.
ಅವನ ಬೆನ್ನ ಮೇಲಿನ ಕ್ಯಾನಿನ ವಾಷರ್
ಹೋದ ಬೆಳೆಗೇ ಸವೆದಿತ್ತು.
ಮೂರು ಗಂಟೆ, ಎದುರುಗಾಳಿ, ಹನ್ನೊಂದು ಟ್ಯಾಂಕು.
ಅಂಗಿ ನೆನೆದು ಬೆನ್ನಿಗಂಟಿದ್ದನ್ನು
ಬೆವರು ಅಂದುಕೊಂಡ.

ನಾನು ದುದ್ದದ ಕಡೆ ಗೊಬ್ಬರ ಇಳಿಸಿ
ಗೂಡ್ಸ್ ಆಟೋ ತಿರುಗಿಸುತ್ತಿದ್ದೆ.
ಬದುವಿನ ಮೇಲೆ ಕುಸಿದವನ ಸುತ್ತ ನಾಲ್ಕು ಜನ ನಗುತ್ತಿದ್ದರು:
'ಹಗಲಲ್ಲೇ ಏರಿಸವ್ನೆ ನೋಡು.'
ಕಾಲು ತೊಡರುತ್ತಿತ್ತು, ನಾಲಿಗೆ ಹೊರಳುತ್ತಿರಲಿಲ್ಲ.
ಹಲ್ಲು ಬರುವ ಕೂಸಿನ ಹಾಗೆ
ನಿಲ್ಲದ ಜೊಲ್ಲು.
ಮೂಗು, ಕಣ್ಣು, ಹಣೆ, ಮೈಯ ನಲ್ಲಿಗಳನ್ನೆಲ್ಲ
ಯಾರೋ ತೆರೆದಿಟ್ಟು ಹೋದಂತೆ.
ತೋಳಿನ ಚರ್ಮದಡಿ ಮಾಂಸ
ಚೀಲದೊಳಗಿನ ಇಲಿಮರಿಗಳಂತೆ ಮಿಡುಕುತ್ತಿತ್ತು.
ಬಗ್ಗಿ ಕಣ್ಣು ನೋಡಿದೆ.
ಪಾಪೆಗಳಿರಲಿಲ್ಲ.
ಎರಡು ಎಳ್ಳುಕಾಳುಗಳಿದ್ದವು.

ಆ ಎಳ್ಳುಕಾಳು ನಾನು ಮೊದಲೊಮ್ಮೆ ನೋಡಿದ್ದೆ,
ಮೂರು ವರ್ಷದ ಹಿಂದೆ, ಇದೇ ಆಟೋದಲ್ಲಿ,
ಶುಂಠಿ ಹೊಲದ ಮಾರಯ್ಯನ ಮುಖದಲ್ಲಿ.
ಬಿಸಿಲಿಗೆ ತಲೆ ತಿರುಗಿದೆ ಎಂದು
ಮಜ್ಜಿಗೆ ಕುಡಿಸಿ, ನೆರಳಿಗೆ ಮಲಗಿಸಿ
ಸಂಜೆವರೆಗೆ ಕಾದೆವು.
ಆಸ್ಪತ್ರೆ ಬಾಗಿಲಲ್ಲಿ ನರ್ಸು ಕೇಳಿದಳು, 'ಬಾಟ್ಲಿ ಎಲ್ಲಿ?'
ನಾವು ಮುಖ ಮುಖ ನೋಡಿದೆವು.
ಬಿಳಿ ಬಾಟ್ಲಿ ಅಂದ ಒಬ್ಬ. ನೀಲಿ ಮುಚ್ಚಳ ಅಂದ ಇನ್ನೊಬ್ಬ.
ಮೈಮೇಲಿನ ಅಂಗಿ ಇನ್ನೂ ಒದ್ದೆಯಾಗಿಯೇ ಇತ್ತು.
ಆಮೇಲಿನದು ಹೇಳುವುದಿಲ್ಲ.

ಅದಕ್ಕೇ ಈ ಸಲ ಕೂಗಿದೆ.
ಗಂಟಲು ನನ್ನದಲ್ಲ ಅನ್ನಿಸುವಷ್ಟು ಕೂಗಿದೆ:
ಅಂಗಿ ಹರಿಯಿರಿ, ತಲೆ ಮೇಲಿಂದ ಎಳೆಯಬೇಡಿ.
ಬರಿಗೈ ಬೇಡ, ಗೊಬ್ಬರದ ಚೀಲದ ಒಳಕವರು ಸುತ್ತಿಕೊಳ್ಳಿ.
ಪಂಪ್‌ಸೆಟ್ಟು ಹಾಕಿ. ಸೋಪು ತನ್ನಿ, ಬಟ್ಟೆ ಸೋಪಾದರೂ ಸರಿ.
ಬೆನ್ನು, ಕಂಕುಳು, ಕಿವಿಯ ಹಿಂದೆ, ಉಗುರಿನ ಸಂದಿ.
ಅವನಕ್ಕ ಹೊಂಬಾಳಮ್ಮ ಚೊಂಬಿನಲ್ಲಿ ಉಪ್ಪುನೀರು ಹಿಡಿದು ಓಡಿಬಂದಳು,
ಕಕ್ಕಿಸಲು.
ಕಿತ್ತು ಚೆಲ್ಲಿದೆ. ಶಾಪ ಹಾಕಿದಳು.
ಹಾಕಲಿ.
ಜೊಲ್ಲು ಉಸಿರಿನ ದಾರಿಗೆ ಇಳಿಯದಿರಲೆಂದು
ಎಡಮಗ್ಗುಲಿಗೆ ಹೊರಳಿಸಿದೆವು.
ಆಂಬುಲೆನ್ಸು ಇನ್ನೆಲ್ಲೋ ಇನ್ನಾರನ್ನೋ ಹೊತ್ತಿತ್ತು.
ಬಾಟ್ಲಿ ಲಂಟಾನದ ಪೊದೆಯೊಳಗೆ ಬಿದ್ದಿತ್ತು,
ಕೈ ಪರಚಿಕೊಂಡು ತಂದೆ.
ಲೇಬಲ್ಲಿನಲ್ಲಿ ಕೆಂಪು ತ್ರಿಕೋನ, ಅದರ ಮೇಲೆ ತಲೆಬುರುಡೆ,
ಪಕ್ಕದಲ್ಲಿ ಸಾಲು ಸಾಲು ಅಕ್ಷರ,
ಇವನ ಪಾಪೆಯಷ್ಟೇ ಚಿಕ್ಕವು.

ಹಾಸನದ ದೊಡ್ಡಾಸ್ಪತ್ರೆಯಲ್ಲಿ ಬರೆದುಕೊಳ್ಳುವವರು ಕೇಳಿದರು,
'ಕುಡಿದಿದ್ದಾನಾ?'
ಹೊಂಬಾಳಮ್ಮ ತಲೆ ತಗ್ಗಿಸಿದಳು,
ಮನೆಯಲ್ಲೇನಾದರೂ ಜಗಳವಾ ಎಂಬ ಮುಂದಿನ ಪ್ರಶ್ನೆ
ಆಗಲೇ ಕೇಳಿಸಿದವಳಂತೆ.
ನಾನಂದೆ, 'ಕುಡಿದಿದೆ ಸಾರ್.
ಇವನಲ್ಲ, ಇವನ ಬೆನ್ನು.'

ರಾತ್ರಿಯಿಡೀ ಸೂಜಿ, ಸೂಜಿಯ ಮೇಲೆ ಸೂಜಿ.
ಡಾಕ್ಟರು ಗಳಿಗೆಗೊಮ್ಮೆ ಬಂದು ಎದೆಗೆ ಕೊಳವೆ ಇಟ್ಟು
ಒಳಗಿನ ಗೊರಗೊರ ಒಣಗಿತೇ ಎಂದು ಕೇಳುತ್ತಿದ್ದರು.
ಬಾವಿ ಬತ್ತಲಿ ಎಂದು ಕಾಯುವವರನ್ನು
ನಾನು ಅಲ್ಲೇ ಮೊದಲು ಕಂಡದ್ದು.

ಕೋಳಿ ಕೂಗುವ ಹೊತ್ತಿಗೆ ಅವನು
ಹಾಸಿಗೆಯ ಮೇಲಿಂದ ಇಲ್ಲದ ಗೆಡ್ಡೆಗಳನ್ನು ಆಯತೊಡಗಿದ.
'ಮದ್ದಿನ ಭ್ರಮೆ, ಇಳಿಯುತ್ತೆ, ಕೈ ಹಿಡಕೊಂಡಿರಿ' ಅಂದಳು ನರ್ಸು.
ಹಿಡಿದೆ.
ನನ್ನ ಬೆರಳುಗಳನ್ನು ಒಂದೊಂದಾಗಿ ಕಿತ್ತು, ಮಣ್ಣು ಕೊಡವಿ,
ಬುಟ್ಟಿಗೆ ಹಾಕಿದ.
ಆಮೇಲೆ ನನ್ನ ಕಡೆ ತಿರುಗಿದ.
ಎಳ್ಳಿದ್ದ ಕಡೆ ಎರಡು ನೇರಳೆಹಣ್ಣು.
'ಬಾಯಿ ಒಣಗ್ತೈತೆ ಕಣಣ್ಣ.'
ನರ್ಸು ನಕ್ಕಳು. ಆ ವಾರ್ಡಿನಲ್ಲಿ
ಬಾಯಾರಿಕೆಯೂ ಒಳ್ಳೆಯ ಸುದ್ದಿ.

ಆ ಕ್ಯಾನು ಇನ್ನೂ ನನ್ನ ಆಟೋದ ಹಿಂದಿದೆ.
ಮೊನ್ನೆ ಪೇಟೆಯಲ್ಲಿ ವಾಷರ್ ಕೇಳಿದೆ.
ಹನ್ನೆರಡು ರೂಪಾಯಿ.
ಅಂಗಡಿಯವನು ಪೊಟ್ಟಣ ಕಟ್ಟುತ್ತಾ ಕೇಳಿದ,
'ಔಷಧಿಗಾ?'